ಹೈಡ್ರೋಫೋನಿನಲ್ಲಿ ಚಟಪಟ ಸದ್ದು: ಉಪಕರಣ ಕೆಟ್ಟಿದೆಯೇ?

ಬಹುಮಟ್ಟಿಗೆ ಇಲ್ಲ. ಹೈಡ್ರೋಫೋನ್ ಎಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್. ಸಿಂಗಪುರದ ಸುತ್ತಲಿನಂಥ ಆಳವಿಲ್ಲದ ಬೆಚ್ಚನೆಯ ಕಡಲಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಎಡೆಬಿಡದೆ ಕೇಳಿಸುವುದು ಸ್ನ್ಯಾಪಿಂಗ್ ಶ್ರಿಂಪ್ ಎಂಬ ಪುಟ್ಟ ಸೀಗಡಿಗಳ ಸದ್ದು. ಸೀಗಡಿ ತನ್ನ ದೊಡ್ಡ ಕೊಂಡಿಯನ್ನು ಥಟ್ಟನೆ ಮುಚ್ಚಿದಾಗ ನೀರು ರಭಸದಿಂದ ಚಿಮ್ಮಿ ಗುಳ್ಳೆಯೊಂದು ಹುಟ್ಟುತ್ತದೆ. ಸದ್ದು ಬರುವುದು ಆ ಗುಳ್ಳೆ ಕುಸಿದಾಗ, ಕೊಂಡಿ ತಾಕಿದ್ದರಿಂದಲ್ಲ. ಹೈಸ್ಪೀಡ್ ಕ್ಯಾಮೆರಾ ಬಳಸಿದ ಪ್ರಯೋಗದಿಂದ 2000ದಲ್ಲಿ ಇದು ಖಚಿತವಾಯಿತು.

ಈ ಶಬ್ದ ಸುಮಾರು 2 ಕಿಲೋಹರ್ಟ್ಸ್‌ನಿಂದ 200 ಕಿಲೋಹರ್ಟ್ಸ್ ಆಚೆಗೂ ಹರಡಿರುವುದರಿಂದ ಫಿಲ್ಟರ್ ಹಾಕಿ ಪೂರ್ತಿ ತೆಗೆಯಲಾಗದು. ಮೊದಲು ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸಿ. ಹತ್ತಿರದ ಒಂದೇ ಸಿಡಿತಕ್ಕೆ ಸಿಗ್ನಲನ್ನು ಮೊದಲ ಹಂತದಲ್ಲಿ ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಮಿತಿ ಮೀರಿ ತುಂಬಿಹೋದರೆ ಆ ಕ್ಷಣದ ಸಿಗ್ನಲ್ ಮರಳಿ ಸಿಗುವುದಿಲ್ಲ.

ನೀರೊಳಗೆ ಸದ್ದಿನ ಮೂಲಕ ಮಾಹಿತಿ ಕಳಿಸುವ ಅಕೌಸ್ಟಿಕ್ ಮೋಡೆಮ್‌ನಲ್ಲಿ ತೊಂದರೆ ಇನ್ನೂ ಹೆಚ್ಚು. ಬಂದ ಸಿಗ್ನಲನ್ನು ನಿರೀಕ್ಷಿತ ಸಿಗ್ನಲಿನೊಂದಿಗೆ ಗುಣಿಸಿ ಕೂಡಿಸಿ ಹೋಲಿಸುವ ಸಾಮಾನ್ಯ ಕೋರಿಲೇಟರ್ ಗದ್ದಲವನ್ನು ಗಾಸಿಯನ್, ಅಂದರೆ ಸರಾಸರಿಯ ಆಸುಪಾಸಿನಲ್ಲೇ ಏರಿಳಿಯುವಂಥದ್ದು, ಎಂದು ಭಾವಿಸುತ್ತದೆ. ಇಲ್ಲಿ ಅಪರೂಪದ ಭಾರೀ ಸಿಡಿತವೊಂದೇ ಮೊತ್ತವನ್ನೆಲ್ಲ ಕೆಡಿಸುತ್ತದೆ. ಕ್ಷಣಕ್ಷಣಕ್ಕೆ ಅಳೆದ ಪ್ರತಿ ಸ್ಯಾಂಪಲ್‌ಗೂ ಮಿತಿ ಹಾಕಿ, ಇಲ್ಲವೇ ಅದರ ಧನ-ಋಣ ಚಿಹ್ನೆಯನ್ನಷ್ಟೇ ಬಳಸುವ ಕೋರಿಲೇಟರ್ ಇಡಿ. ಮಿತಿ ಹಾಕುವ ಕೆಲಸ ಆಯ್ದ ಆವರ್ತನಗಳನ್ನಷ್ಟೇ ಬಿಡುವ ಕಿರಿದಾದ ಬ್ಯಾಂಡ್‌ಪಾಸ್ ಫಿಲ್ಟರಿಗಿಂತ ಮೊದಲೇ ಆಗಬೇಕು, ಇದನ್ನು ಮರೆಯಲೇಬೇಡಿ: ಫಿಲ್ಟರ್ ದಾಟಿದ ಸಿಡಿತ ಉದ್ದಕ್ಕೆ ಎಳೆದುಕೊಂಡು ಅಕ್ಕಪಕ್ಕದ ಸ್ಯಾಂಪಲ್‌ಗಳಿಗೂ ಹರಡುತ್ತದೆ.

ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ರೊಮಾನಿಸ್ ಎಂಬ ಸಾಧನದಲ್ಲಿ, ವಸ್ತುಗಳಿಗೆ ಬಡಿದು ಮರಳುವ ಇದೇ ಸದ್ದಿನಿಂದ ನೀರೊಳಗಿನ ಚಿತ್ರ ತೆಗೆದಿದ್ದಾರೆ.