ಕ್ವಾರಿಯ ಬೂದಿ, ಬೋರ್‌ವೆಲ್ ನೀರು ಮತ್ತು ಪಾದರಸ

ಮಾನ್ಯರೇ,

ಮಾಲೂರು ತಾಲ್ಲೂಕಿನ ನಿಮ್ಮೂರಿನ ಹಳೆಯ ಕಲ್ಲು ಕ್ವಾರಿಗೆ ಕಸ ಸುಡುವ ಘಟಕದ ಬೂದಿಯನ್ನು ಲಾರಿಗಳಲ್ಲಿ ತಂದು ಸುರಿದಿದ್ದಾರೆ; ಆ ಬೂದಿಯಲ್ಲಿ ಪಾದರಸ ‘ಮಿತಿಯೊಳಗಿದೆ’ ಎಂದೂ, ಪಕ್ಕದ ಬೋರ್‌ವೆಲ್ ನೀರಿನಲ್ಲಿ ‘ಪತ್ತೆಯಾಗಿಲ್ಲ’ ಎಂದೂ ವರದಿ ಬಂದಿರುವಾಗ ಇನ್ನೂ ಹೆದರಬೇಕೇ ಎಂದು ಕೇಳಿದ್ದೀರಿ. ಎರಡೂ ವರದಿಗಳ ಪ್ರತಿಯನ್ನು ಓದಿದೆ. ಅವನ್ನು ನಂಬಿ ಸುಮ್ಮನಿರಬೇಡಿ.

ಮೊದಲ ವರದಿಯಲ್ಲಿರುವ ಮಿತಿ ಲೀಟರಿಗೆ 0.2 ಮಿಲಿಗ್ರಾಂ. ತ್ಯಾಜ್ಯವೊಂದನ್ನು ಅಪಾಯಕಾರಿ ಎಂದು ಪರಿಗಣಿಸಬೇಕೇ ಎಂಬುದನ್ನು ತೀರ್ಮಾನಿಸಲು 2016ರ ನಿಯಮಗಳು ಎಳೆದ ಗೆರೆ ಅದು. ಬೂದಿಯನ್ನು ಅದರ ಇಪ್ಪತ್ತು ಪಟ್ಟು ತೂಕದ, ವಿನೆಗರ್‌ನಲ್ಲಿರುವಂಥ ಆಮ್ಲ ಬೆರೆಸಿದ ನೀರಿನಲ್ಲಿ 18 ಗಂಟೆ ಉರುಳಿಸಿ, ಸೋಸಿ, ನೀರಿಗೆ ಬಿಟ್ಟುಕೊಂಡ ಪಾದರಸವನ್ನು ಅಳೆಯುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿಯಾದರೋ 0.001 ಮಿಲಿಗ್ರಾಂ. ಎಂದರೆ ಬೂದಿ ಪರೀಕ್ಷೆಯಲ್ಲಿ ಪಾಸಾದರೂ ಅದರಿಂದ ಇಳಿಯುವ ನೀರಿನಲ್ಲಿ ಕುಡಿಯುವ ಮಿತಿಯ ಇನ್ನೂರು ಪಟ್ಟಿನವರೆಗೆ ಪಾದರಸವಿರಬಹುದು. ಆ ನೀರು ಮಣ್ಣಿನಲ್ಲಿ ಸೋಸಿ, ಬೇರೆ ನೀರಿನೊಡನೆ ಬೆರೆತು ತೆಳುವಾಗುತ್ತದೆ ಎಂಬ ಲೆಕ್ಕ ಈ ಗೆರೆಯ ಹಿಂದಿದೆ. ಕ್ವಾರಿಯ ತಳದಲ್ಲಿ ಮಣ್ಣೆಲ್ಲಿದೆ? ನಮ್ಮ ಕೋಲಾರ ಸೀಮೆಯ ಬಂಡೆಯಲ್ಲಿ ನೀರು ಇಳಿಯುವುದು ಬಿರುಕುಗಳಲ್ಲಿ, ಬೋರ್‌ವೆಲ್‌ಗೆ ನೀರು ಬರುವುದೂ ಅಂಥ ಬಿರುಕುಗಳಿಂದಲೇ.

ಯಾವ ಬೂದಿ ಎಂಬುದನ್ನೂ ವರದಿ ಹೇಳಿಲ್ಲ. ಪಾದರಸ ಸುಮಾರು 357 ಡಿಗ್ರಿಗೇ ಕುದಿಯುತ್ತದೆ. ಕುಲುಮೆಯ ಬಿಸಿ 850 ಡಿಗ್ರಿಗೂ ಮಿಕ್ಕಿರುತ್ತದೆ. ಆದ್ದರಿಂದ ಕಸದಲ್ಲಿದ್ದ ಥರ್ಮಾಮೀಟರ್, ಟ್ಯೂಬ್‌ಲೈಟುಗಳ ಪಾದರಸ ಹೊಗೆಯೊಡನೆ ಮೇಲೇರುತ್ತದೆ; ತಳದಲ್ಲಿ ಉಳಿಯುವ ಕಿಟ್ಟದಲ್ಲಿ ಅದು ಕಡಿಮೆ, ಹೊಗೆ ಸೋಸುವ ಚೀಲಗಳಲ್ಲಿ ಸಿಕ್ಕ ನುಣ್ಣನೆಯ ಬೂದಿಯಲ್ಲಿ ಹೆಚ್ಚು. ಗಂಧಕದೊಡನೆ ಸೇರಿ ಇಂಗಳೀಕವಾದ ಪಾದರಸ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಆದರೆ ಕ್ಲೋರಿನ್‌ನೊಡನೆ ಸೇರಿದ್ದು ಸುಲಭವಾಗಿ ಕರಗುತ್ತದೆ. ಬೂದಿ ಬೆರಳಿಗೆ ಮೈದಾ ಹಿಟ್ಟಿನಂತೆ ಅಂಟುತ್ತದೆ ಎಂದು ಬರೆದಿದ್ದೀರಿ. ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು ಅದು. ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಅತ್ತ ಬಿಡಬೇಡಿ.

ಇನ್ನು ನೀರಿನ ವರದಿ. ಅಂಗಡಿಯ ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ನಾಲ್ಕು ದಿನ ಮನೆಯಲ್ಲಿಟ್ಟು ಕಳಿಸಿದ್ದಾಗಿ ತಿಳಿಸಿದ್ದೀರಿ. ಅಷ್ಟರಲ್ಲಿ ನೀರಿನಲ್ಲಿದ್ದ ಅತ್ಯಲ್ಪ ಪಾದರಸ ಬಾಟಲಿಯ ಗೋಡೆಗೆ ಅಂಟಿರಬಹುದು, ಆವಿಯಾಗಿಯೂ ಹೋಗಿರಬಹುದು. ಪ್ರಯೋಗಾಲಯದವರೇ ಆಮ್ಲ ಹಾಕಿ ಕೊಡುವ ಗಾಜಿನ ಬಾಟಲಿಯಲ್ಲಿ ಮತ್ತೊಮ್ಮೆ ಮಾದರಿ ತೆಗೆಸಿ. ಅವರ ಯಂತ್ರ 0.001ಕ್ಕಿಂತ ಕಡಿಮೆಯನ್ನು ಗುರುತಿಸಬಲ್ಲುದೇ ಎಂದು ಮೊದಲೇ ಕೇಳಿ. ಜೋರು ಮಳೆಯಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಅಲ್ಲಿಯವರೆಗೆ ಆ ನೀರನ್ನು ಅಡುಗೆಗೂ ಬಳಸಬೇಡಿ. ಕುದಿಸುವುದು ಇದಕ್ಕೆ ಪರಿಹಾರವಲ್ಲ.

ಬೂದಿಯನ್ನು ಇಟ್ಟಿಗೆ ಗೂಡಿಗೆ ಸಾಗಿಸೋಣವೆಂಬ ಊರಿನವರ ಸಲಹೆ ಖಂಡಿತ ಬೇಡ. ಗೂಡಿನ ಬಿಸಿಗೆ ಪಾದರಸ ಮತ್ತೆ ಆವಿಯಾಗುತ್ತದೆ. ಕ್ವಾರಿ ತುಂಬಿ ಕೆರೆಗೆ ಹರಿಯದಂತೆಯೂ ನೋಡಿಕೊಳ್ಳಿ, ಏಕೆಂದರೆ ಹೂಳಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮೀನಿನ ಮೈಯಲ್ಲಿ ಸೇರಿಕೊಳ್ಳುವ ವಿಷವಾಗಿ ಮಾರ್ಪಡಿಸುತ್ತವೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣವಾದದ್ದು ಇದೇ ಬಗೆಯ ಪಾದರಸ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಪಂಚಾಯಿತಿಯ ಮೂಲಕ ಲಿಖಿತ ದೂರು ಕೊಡಿ. ಬೂದಿ ಯಾವ ಘಟಕದ್ದು, ತಳದ್ದೋ ಚೀಲದ್ದೋ, ಅದರಲ್ಲಿರುವ ಒಟ್ಟು ಪಾದರಸವೆಷ್ಟು ಎಂಬ ಮೂರನ್ನೂ ಅದರಲ್ಲಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಹೊಸ ವರದಿ ಬಂದ ದಿನವೇ ನನಗೊಂದು ಪ್ರತಿ ಕಳಿಸಿ.

– ಸಂ.