ದುಡ್ಡು ಬರೋದಕ್ಕೆ ಪಿನ್ ಯಾಕೆ?

ಪ್ರಶ್ನೆ: ನಮ್ಮ ಯಜಮಾನರ 2014ರ ವ್ಯಾಗನ್ ಆರ್ ಮಾರಬೇಕು ಅಂತಿದ್ದೇವೆ. ಕಣ್ಣಿನ ಆಪರೇಷನ್ ಆದಮೇಲೆ ಅವರು ಸ್ಟೀರಿಂಗ್ ಮುಟ್ಟಿಲ್ಲ. ಮಗ ಬೆಂಗಳೂರಿನಿಂದಲೇ ಆನ್‌ಲೈನಲ್ಲಿ ಜಾಹೀರಾತು ಹಾಕಿದ, ನಂಬರ್ ನನ್ನದು ಕೊಟ್ಟ. ಅರ್ಧ ಗಂಟೆಗೇ ಒಬ್ಬರು ಹಿಂದಿಯಲ್ಲಿ ಫೋನ್ ಮಾಡಿದರು. ಸೈನ್ಯದಲ್ಲಿದ್ದಾರಂತೆ, ಬೆಳಗಾವಿಗೆ ವರ್ಗವಾಗಿದೆಯಂತೆ. ಗಾಡಿ ನೋಡೋದೂ ಬೇಡ ಅಂದರು, ನಾವು ಹೇಳಿದ 2 ಲಕ್ಷ 40 ಸಾವಿರಕ್ಕೆ ಒಂದೇ ಮಾತಿಗೆ ಒಪ್ಪಿದರು. ಯೂನಿಫಾರಂ ಫೋಟೊ, ಗುರುತಿನ ಚೀಟಿ ಕಳಿಸಿ, ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, 20 ಸಾವಿರ ಅಡ್ವಾನ್ಸ್ ಬರುತ್ತೆ’ ಅನ್ನುತ್ತಿದ್ದಾರೆ. ದೇಶ ಕಾಯುವವರನ್ನು ಅನುಮಾನಿಸೋಕೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಪತ್ರ ಓದಿದ ದಿನವೇ ಫೋನ್ ಮಾಡಿ ‘ಸ್ಕ್ಯಾನ್ ಮಾಡಬೇಡಿ’ ಅಂದಿದ್ದೆ. ಉಳಿದದ್ದನ್ನು ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮ ಹದಿನೇಳು ವರ್ಷ ಸೈನ್ಯದಲ್ಲಿದ್ದವನು. ಗುರುತಿನ ಚೀಟಿಯನ್ನು ಮನೆಯವರ ಕೈಗೂ ಕೊಡುತ್ತಿರಲಿಲ್ಲ. ಅಂಥ ಚೀಟಿಯನ್ನು ಮುಖ ಕಾಣದವರ ವಾಟ್ಸಾಪ್‌ಗೆ ಯಾವ ಸೈನಿಕ ಕಳಿಸುತ್ತಾನೆ? ನಿಮಗೆ ಬಂದದ್ದು ಕದ್ದ ಫೋಟೊ ಅಥವಾ ನಕಲಿ. ನಿಮ್ಮ ಮನಸ್ಸಿನಲ್ಲಿರುವ ಗೌರವವನ್ನೇ ಅವನು ಬಂಡವಾಳ ಮಾಡಿಕೊಂಡಿದ್ದಾನೆ. ಅದಕ್ಕೇ ನನಗೆ ಹೊಟ್ಟೆ ಉರಿಯೋದು.

ಅವನ ಕೈಚಳಕ ಇರೋದು ಕೋಡ್‌ನಲ್ಲಿ. ಸ್ಕ್ಯಾನ್ ಮಾಡಿದರೆ ಪರದೆಯಲ್ಲಿ ಅವನ ಹೆಸರು, 20,000 ಅನ್ನುವ ಅಂಕಿ, ಕೆಳಗೆ ‘ಪೇ’ ಗುಂಡಿ ಬರುತ್ತೆ. ಒತ್ತಿದರೆ ಪಿನ್ ಕೇಳುತ್ತೆ. ಪಿನ್ ಹಾಕಿದಿರೋ, ದುಡ್ಡು ಹೋಗೋದು ನಿಮ್ಮ ಖಾತೆಯಿಂದ. ಯುಪಿಐನಲ್ಲಿ ದುಡ್ಡು ಬರೋದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಕೆಲವರು ಮೊದಲು 5 ರೂಪಾಯಿ ನಿಜವಾಗಿಯೇ ಕಳಿಸಿ ನಂಬಿಸುತ್ತಾರೆ, ಅದಕ್ಕೂ ಮರುಳಾಗಬೇಡಿ. ಅಕಸ್ಮಾತ್ ದುಡ್ಡು ಹೋಯಿತು ಅಂದರೆ ನಾಚಿಕೊಂಡು ಕೂರಬೇಡಿ, ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯೋಕೆ ಸಾಧ್ಯವಾಗೋದು ಬೇಗ ಹೇಳಿದಾಗ ಮಾತ್ರ.

ಆರ್‌ಸಿ ಫೋಟೊ ಕೇಳಿದರೆ ಅದನ್ನೂ ಕಳಿಸಬೇಡಿ. ನಿಮ್ಮ ಗಾಡಿಯ ಚಿತ್ರ, ನಿಮ್ಮ ಆರ್‌ಸಿ ಎರಡನ್ನೂ ತೋರಿಸಿ ಅವನೇ ಮಾಲೀಕ ಅಂತ ಇನ್ನೊಬ್ಬರಿಗೆ ಟೋಪಿ ಹಾಕುತ್ತಾನೆ. ಕೊಳ್ಳುವವರು ಮನೆಗೆ ಬರಲಿ, ಮಗ ಊರಿಗೆ ಬಂದ ಭಾನುವಾರವೇ ಬರಲಿ. ಅವರ ಡಿಎಲ್ ನೋಡಿ, ಓಡಿಸುವಾಗ ನಿಮ್ಮ ಕಡೆಯವರೊಬ್ಬರು ಗಾಡಿಯಲ್ಲಿ ಕೂತಿರಲಿ. ‘ನೆಫ್ಟ್ ಮಾಡಿದೀನಿ, ಮೆಸೇಜ್ ಬಂದಿದೆ ನೋಡಿ’ ಅಂದರೆ ಮೆಸೇಜು ಬಿಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಚೆಕ್ ಕೊಟ್ಟರೆ ಅದು ಪಾಸಾಗುವವರೆಗೆ ಕೀ ನಿಮ್ಮ ಹತ್ತಿರವೇ ಇರಲಿ.

ದುಡ್ಡು ಬಂದರೂ ಕೆಲಸ ಮುಗಿಯಲಿಲ್ಲ. ಮೂವತ್ತೊಂದು ವರ್ಷ ಆರ್‌ಟಿಒ ಕಚೇರಿಯಲ್ಲಿ ಕೂತಿದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ನನ್ನ ದೊಡ್ಡಪ್ಪನ ಮಗ ತನ್ನ ಓಮ್ನಿ ಮಾರಿದಾಗ ಬ್ರೋಕರ್ ಗಾಡಿಯನ್ನು ಕೊಂಡವರ ಹೆಸರಿಗೆ ಮಾಡಿಸುವ ಫಾರಂ 29, 30ನ್ನು ಖಾಲಿ ಇಟ್ಟೇ ಸಹಿ ಹಾಕಿಸಿಕೊಂಡು ಹೋದ. ದಿನಾಂಕವಿಲ್ಲ, ಕೊಳ್ಳುವವರ ಹೆಸರಿಲ್ಲ. ಎರಡು ವರ್ಷದ ಮೇಲೆ ಅಪಘಾತದ ಕೇಸಿನಲ್ಲಿ ಅವನಿಗೆ ಕೋರ್ಟಿನ ನೋಟಿಸ್ ಬಂತು. ಗಾಡಿ ಎಷ್ಟೋ ಕೈ ಬದಲಾಗಿತ್ತು, ಆದರೆ ಆರ್‌ಸಿಯಲ್ಲಿ ಅವನ ಹೆಸರು ಹಾಗೇ ಇತ್ತು. ಆ ನೋಟಿಸ್ ಹಿಡಿದು ನನ್ನ ಟೇಬಲ್ ಮುಂದೆ ನಿಂತ ಅವನ ಮುಖ ನಾನು ಮರೆತಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆದ್ದರಿಂದ ಯಜಮಾನರು ಸಹಿ ಹಾಕುವ ಮೊದಲು ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿರಲಿ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ಕೊಂಡವರು ‘ಹೆಸರು ಬದಲಾವಣೆ ನಾನು ಮಾಡಿಸಿಕೊಳ್ತೀನಿ ಬಿಡಿ’ ಅಂದರೆ ಒಪ್ಪಬೇಡಿ, ಮಗನ ಕೈಲಿ ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ನೀವೇ ಅರ್ಜಿ ಹಾಕಿಸಿ. ಗಾಡಿ ಕೊಟ್ಟ ದಿನಾಂಕ, ಗಂಟೆ ಬರೆದ ಡೆಲಿವರಿ ನೋಟ್‌ಗೆ ಇಬ್ಬರ ಸಹಿ ಇರಲಿ. ಮರುದಿನ ಅತಿವೇಗದ ದಂಡ ಬಂದರೆ ಆ ಒಂದು ಹಾಳೆಯೇ ನಿಮಗೆ ಆಧಾರ. ಗಾಡಿಗೆ ಸಾಲ ಮಾಡಿದ್ದರೆ, ಅದು ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯಾ ಅಂತ ಇವತ್ತೇ ನೋಡಿ. ಉಳಿದಿದ್ದರೆ ಅದನ್ನು ತೆಗೆಸೋಕೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ), ಫಾರಂ 35 ಬೇಕು.

ಕೊನೆಗೆ ಗಾಜಿನ ಮೇಲಿನ ಫಾಸ್ಟ್ಯಾಗ್. ಅದನ್ನು ಬ್ಯಾಂಕಿನಲ್ಲಿ ಕ್ಲೋಸ್ ಮಾಡಿಸಿ. ಇಲ್ಲದಿದ್ದರೆ ಕೊಂಡವರು ಟೋಲ್ ದಾಟಿದಾಗಲೆಲ್ಲ ದುಡ್ಡು ಕಟ್ ಆಗೋದು ನಿಮ್ಮ ಯಜಮಾನರ ಖಾತೆಯಲ್ಲಿ.