83 ಪಟ್ಟು ಜೂಮ್ ಮತ್ತು ಹತ್ತು ಗಂಟೆಯ ಬಿಸಿಲು

ಯಾವ ಕ್ಯಾಮೆರಾ ಕೊಳ್ಳಲಿ ಅನ್ನುವ ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಧುಗಿರಿ ಹತ್ತಿರದ ಹಳ್ಳಿ, ಕೈಯಲ್ಲಿ ಎಂಬತ್ತು ಸಾವಿರ, ಮೈದನಹಳ್ಳಿಯ ಕೃಷ್ಣಮೃಗ, ಕಗ್ಗಲಡುವಿನ ಕೊಕ್ಕರೆಯ ಫೋಟೊ ಗೋಡೆಗೆ ಹಾಕುವ ಹಾಗೆ ತೆಗೆಯುವ ಆಸೆ, ಜೊತೆಗೆ ಮಗಳ ಸ್ಕೂಲ್ ಡೇ ಡ್ಯಾನ್ಸು. ಅಂಗಡಿಯವರು "83 ಪಟ್ಟು ಜೂಮ್ ಇದೆ ಸಾರ್, ಚಂದ್ರನ ಮೇಲಿನ ಗುಂಡಿ ಕಾಣುತ್ತೆ" ಅಂತ, ಲೆನ್ಸ್ ಕ್ಯಾಮೆರಾಕ್ಕೇ ಅಂಟಿಕೊಂಡಿರುವ ಸೂಪರ್‌ಜೂಮ್ ತೋರಿಸಿದ್ದಾರೆ. ನಿಮ್ಮ ಭಾವಮೈದ "ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಒಳ್ಳೇ ಡಿಎಸ್‌ಎಲ್‌ಆರ್ ತಗೊಳ್ಳಿ ಭಾವ" ಅಂದಿದ್ದಾನೆ, ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬಿಚ್ಚಿ ಬದಲಿಸಬಹುದಾದ ಕ್ಯಾಮೆರಾ. ಇಷ್ಟೆಲ್ಲ ಬರೆದು ಕೊನೆಗೆ ಸುಮ್ಮನೆ ಒಂದು ಸಾಲು ಸೇರಿಸಿದ್ದೀರಿ: ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಮನೆಯಿಂದ ಹೊರಡುವಷ್ಟರಲ್ಲಿ ಹತ್ತು ಗಂಟೆ ಆಗುತ್ತೆ ಅಂತ. ನನ್ನ ಉತ್ತರ ಪೂರ್ತಿ ನಿಂತಿರುವುದು ಆ ಸಾಲಿನ ಮೇಲೆ.

ನಾನು ತುಮಕೂರಿನವಳು. ಕೆಲಸ ಶಿರಾದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹಕ್ಕಿ ಹುಚ್ಚು ಹಿಡಿದು ವರ್ಷಗಳಾದವು. ನೀವು ಕೇಳಿರುವ ಎರಡೂ ಜಾತಿಯ ಕ್ಯಾಮೆರಾ ನನ್ನ ಹತ್ತಿರ ಇವೆ. 2016ರಲ್ಲಿ ಕೊಂಡದ್ದು ನಿಕಾನ್ ಪಿ900. ಐದು ವರ್ಷ ಅದರಲ್ಲೇ ತೆಗೆದೆ. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ನಿಕಾನ್ ಡಿ7500 ಡಿಎಸ್‌ಎಲ್‌ಆರ್‌ನ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಜೊತೆಗೆ 200-500 ಮಿ.ಮೀ. ಲೆನ್ಸು. ನಿಮಗೆ ಅಂಗಡಿಯವರು ತೋರಿಸಿರುವುದು ಪಿ900ರ ತಮ್ಮ ಪಿ950 ಇರಬೇಕು, 2020ರಲ್ಲಿ ಬಂದದ್ದು. ಜೂಮ್ ಅದೇ 83 ಪಟ್ಟು, ಅಂದರೆ 24ರಿಂದ 2000 ಮಿ.ಮೀ. (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಹಳೆಯದರಲ್ಲಿ ಇಲ್ಲದ ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾದ ಕಚ್ಚಾ ಫೈಲ್) ಇದರಲ್ಲಿ ಸಿಗುತ್ತದೆ, ತೂಕ ಒಂದು ಕೆ.ಜಿ. ಆಸುಪಾಸು.

ಮೊದಲು ಸೂಪರ್‌ಜೂಮ್ ಪರವಾಗಿ ಮಾತಾಡುತ್ತೇನೆ, ಅದರ ಋಣ ನನ್ನ ಮೇಲಿದೆ. ಊಟದ ಡಬ್ಬಿ, ನೀರಿನ ಬಾಟಲಿ ಇರುವ ಬ್ಯಾಗಿನಲ್ಲೇ ಅದೂ ಕೂರುತ್ತಿತ್ತು. ಬಸ್ಸಿನಲ್ಲಿ ನಿಂತುಕೊಂಡು ಹೋದರೂ ಭಾರ ಅನ್ನಿಸುತ್ತಿರಲಿಲ್ಲ. ದೇವರಾಯನದುರ್ಗದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ದಕ್ಷಿಣದ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ, ಸಂಕೋಚದ ಪ್ರಾಣಿ. ಮೊದಲ ಸಲ ಕಂಡಾಗ ಅದು ಕಣಿವೆಯಾಚೆಯ ಬಂಡೆಯ ಮೇಲೆ ಒಂದು ಚುಕ್ಕೆಯಷ್ಟಿತ್ತು. ಜೂಮ್ ಎಳೆದೆ. ಕೊರಳಿನ ಹಳದಿ ಸ್ಪಷ್ಟವಾಗಿ ಬಂತು, ನಾಲ್ಕು ಫೋಟೊ ತೆಗೆಯುವುದರೊಳಗೆ ಹಾರಿಹೋಯಿತು. ಫೋಟೊ ಚೆಂದವಿಲ್ಲ. ಆದರೆ ಕಂಡದ್ದು ಅದೇ ಹಕ್ಕಿ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. "ಆಚೆ ದಡದಲ್ಲಿ ಕೂತಿರೋದು ಯಾವ ಹಕ್ಕಿ?" ಅನ್ನುವುದೇ ನಿಮ್ಮ ಕುತೂಹಲವಾಗಿದ್ದರೆ ಮುಂದೆ ಓದಬೇಡಿ, ಸೂಪರ್‌ಜೂಮ್ ತಗೊಳ್ಳಿ. ಮೂರು ಪಟ್ಟು ದುಡ್ಡು ಸುರಿದರೂ ಡಿಎಸ್‌ಎಲ್‌ಆರ್‌ನಲ್ಲಿ ಅಷ್ಟು ದೂರ ಎಟುಕುವುದಿಲ್ಲ.

ಆದರೆ ನೀವು ಕೇಳಿರುವುದು ಗುರುತು ಹಿಡಿಯುವುದಕ್ಕಲ್ಲ, ಗೋಡೆಗೆ ಹಾಕುವಂಥ ಚಿತ್ರಕ್ಕೆ. ಅಲ್ಲಿ ಕಥೆ ಬೇರೆ.

2000 ಮಿ.ಮೀ. ಅನ್ನುವುದು ಹಳೆಯ 35 ಮಿ.ಮೀ. ಫಿಲಂ ಕ್ಯಾಮೆರಾದ ಜೊತೆ ಹೋಲಿಸಿದ ಲೆಕ್ಕ. ಲೆನ್ಸಿನ ನಿಜವಾದ ಫೋಕಲ್ ಲೆಂತ್ ಇರುವುದು 357 ಮಿ.ಮೀ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಪುಟ್ಟದಾದ್ದರಿಂದ ನೋಟದ ನಡುಭಾಗದ ಒಂದು ಚೂರು ಮಾತ್ರ ಅದರ ಮೇಲೆ ಬೀಳುತ್ತದೆ, ಅದೇ ನಮಗೆ ದೊಡ್ಡದಾಗಿ ಕಾಣುತ್ತದೆ. ಎಷ್ಟು ಪುಟ್ಟದು ಅಂದರೆ 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಹೆಚ್ಚು ಕಡಿಮೆ ಒಂದು ತೊಗರಿಬೇಳೆ. ಡಿ7500ರ ಸೆನ್ಸರ್ 23.5ಕ್ಕೆ 15.7 ಮಿ.ಮೀ., ಒಂದು ಚಿಕ್ಕ ಅಂಚೆಚೀಟಿಯಷ್ಟು. ವಿಸ್ತೀರ್ಣದಲ್ಲಿ 13 ಪಟ್ಟು. ಮಳೆ ಬರುವಾಗ ಅಂಗಳದಲ್ಲಿ ಚೊಂಬು ಇಟ್ಟರೆಷ್ಟು ನೀರು, ಕೊಪ್ಪರಿಗೆ ಇಟ್ಟರೆಷ್ಟು ನೀರು, ಬೆಳಕಿನ ಲೆಕ್ಕವೂ ಅಷ್ಟೇ. ಸಾಲದ್ದಕ್ಕೆ ಜೂಮ್ ತುದಿಗೆ ಎಳೆದಾಗ ಪಿ900ರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಂಡಿ, ಎಫ್ 6.5ಕ್ಕೆ ಕಿರಿದಾಗುತ್ತದೆ. ಬಿಸಿಲಿದ್ದರೆ ಚಿಂತೆಯಿಲ್ಲ. ಮೋಡ ಮುಚ್ಚಿದರೆ, ಮರದ ನೆರಳಾದರೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರುತ್ತದೆ, ಹಕ್ಕಿಯ ಗರಿಗಳೆಲ್ಲ ಕಲಸಿ ಹಿಟ್ಟು ಬಳಿದ ಹಾಗೆ ಆಗುತ್ತವೆ.

"ಹಾಗಾದರೆ ಬಿಸಿಲಲ್ಲೇ ತೆಗೆದರಾಯಿತು, ಹೇಗೂ ನಾನು ಹೊರಡೋದು ಹತ್ತು ಗಂಟೆಗೆ" ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು.

ಒಂದು ಮಾರ್ಚ್ ತಿಂಗಳು ಮೈದನಹಳ್ಳಿಗೆ ಹೋಗಿದ್ದೆ. ಅದೇ ನಿಮ್ಮ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಮೀಸಲು, 798 ಎಕರೆ ಹುಲ್ಲುಗಾವಲು. ತಲುಪಿದಾಗ ಹತ್ತೂ ಮುಕ್ಕಾಲು. ಇನ್ನೂರು ಮೀಟರ್ ದೂರದಲ್ಲಿ ಒಂದು ಗಂಡು ನಿಂತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆಯ ಮೇಲೆ ಸುರುಳಿ ಸುತ್ತಿದ ಎರಡು ಕೊಂಬು. ಜೂಮ್ ಪೂರ್ತಿ ಎಳೆದು ನೋಡಿದರೆ ಆ ಕೊಂಬುಗಳು ಕುಣಿಯುತ್ತಿವೆ! ಪ್ರಾಣಿ ಕದಲಿಲ್ಲ, ನನ್ನ ಕೈಯೂ ನಡುಗುತ್ತಿಲ್ಲ, ಕ್ಯಾಮೆರಾ ಕಲ್ಲಿನ ಮೇಲೆ ಇಟ್ಟಿದ್ದೇನೆ. ಆದರೂ ಕೆರೆಯ ತಳದ ಕಡ್ಡಿ ನೀರಿನಲ್ಲಿ ಬಳುಕಿದ ಹಾಗೆ ಕೊಂಬು ಬಳುಕುತ್ತಿದೆ, ಕಾಲುಗಳು ನೆಲದಿಂದ ಕಳಚಿಕೊಂಡು ತೇಲುತ್ತಿವೆ. ನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಒಂದಾದರೂ ಚೂಪಾಗಿ ಬಂದಿಲ್ಲ. ಫೋಕಸ್ ಕೆಟ್ಟಿದೆ ಅಂತ ಕ್ಯಾಮೆರಾವನ್ನು ಬೈದೆ.

ಕೆಟ್ಟಿದ್ದು ಫೋಕಸ್ ಅಲ್ಲ, ಬಿಸಿಲುಗುದುರೆ. ಕಾದ ನೆಲದಿಂದ ಬಿಸಿ ಗಾಳಿ ಮೇಲೇಳುತ್ತದೆ, ಬಿಸಿ ಗಾಳಿಯಲ್ಲೂ ತಣ್ಣನೆಯ ಗಾಳಿಯಲ್ಲೂ ಬೆಳಕು ಒಂದೇ ಥರ ಬಾಗುವುದಿಲ್ಲ. ಎರಡೂ ಕಲಸಿಹೋದರೆ ಚಿತ್ರ ನಡುಗುತ್ತದೆ. ಜೂಮ್ ಜಿಂಕೆಯನ್ನು ಹತ್ತಿರಕ್ಕೆ ಎಳೆಯುವಾಗ ನಡುವಿನ ಇನ್ನೂರು ಮೀಟರ್ ಗಾಳಿಯನ್ನೂ ಜೊತೆಗೇ ಎಳೆದು ತರುತ್ತದೆ. ಮುಂದೆ ಡಿಎಸ್‌ಎಲ್‌ಆರ್ ಕೊಂಡ ಮೇಲೆ, ಹಟಕ್ಕೆ ಬಿದ್ದು ಅದೇ ಹೊತ್ತಿಗೆ ಅದೇ ಜಾಗಕ್ಕೆ ದೊಡ್ಡ ಲೆನ್ಸ್ ಹೊತ್ತುಕೊಂಡು ಹೋದೆ. ಅದೇ ಕುಣಿತ. ಅಷ್ಟು ದುಡ್ಡು, ಅಷ್ಟು ಭಾರ, ಗಾಳಿಗೆ ಯಾವ ಲೆಕ್ಕವೂ ಇಲ್ಲ.

ಅಂದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಸೂಪರ್‌ಜೂಮ್‌ಗೆ ಸಿಗುವ ಹೊತ್ತು ತೀರಾ ಕಮ್ಮಿ. ಏಳಕ್ಕೆ ಮುಂಚೆ ಅದಕ್ಕೆ ಬೆಳಕು ಸಾಲದು, ಒಂಬತ್ತೂವರೆ ಆದಮೇಲೆ ಗಾಳಿ ಬಿಡದು. ಸಂಜೆಯೂ ಅಷ್ಟೇ, ನೆಲ ತಣ್ಣಗಾಗುವ ಹೊತ್ತಿಗೆ ಸೂರ್ಯ ಹೊರಟಿರುತ್ತಾನೆ. ಡಿಎಸ್‌ಎಲ್‌ಆರ್‌ಗೆ ಬೆಳಗಿನಲ್ಲೊಂದು ಮುಕ್ಕಾಲು ಗಂಟೆ, ಸಂಜೆಯಲ್ಲೊಂದು ಮುಕ್ಕಾಲು ಗಂಟೆ ಹೆಚ್ಚಿಗೆ ಸಿಗುತ್ತದೆ. ಪ್ರಾಣಿಗಳು ಓಡಾಡುವುದೂ ಆ ಹೊತ್ತಿನಲ್ಲೇ.

ಹಾರುವ ಹಕ್ಕಿಯ ಬಗ್ಗೆಯೂ ಒಂದು ಮಾತು. ಮಲ್ಲಸಂದ್ರ ಕೆರೆ ಏರಿಯ ಮೇಲೆ ಕಪ್ಪು ಬಿಳಿ ಮಿಂಚುಳ್ಳಿಗೆ ಕಾದು ಕೂತಿದ್ದೆ. ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ, ಫೋಕಸ್ ಮಾಡುವುದಕ್ಕೆ ಪುರುಸೊತ್ತು ಕೊಡುತ್ತದೆ. ಸರಿ, ಗುಂಡಿ ಒತ್ತಿ ಹಿಡಿದೆ. ಪಿ900 ಏಳು ಫೋಟೊ ಟಪಟಪ ಹೊಡೆದು, ಅವನ್ನು ಕಾರ್ಡಿಗೆ ಬರೆದುಕೊಳ್ಳುತ್ತ ನಿಂತುಬಿಟ್ಟಿತು. ಅಷ್ಟರಲ್ಲಿ ಹಕ್ಕಿ ಬಾಣದ ಹಾಗೆ ನೀರಿಗಿಳಿದು, ಮೀನು ಕಚ್ಚಿಕೊಂಡು, ಕಲ್ಲಿನ ಮೇಲೆ ಕೂತು ಅದನ್ನು ಬಡಿದು ನುಂಗಿಯೂ ಆಯಿತು. ನನ್ನ ಹತ್ತಿರ ಇರುವ ಏಳೂ ಫೋಟೊದಲ್ಲಿ ಅದು ಮೇಲೇ ನಿಂತಿದೆ. ಡಿ7500ರಲ್ಲಿ ಸೆಕೆಂಡಿಗೆ ಎಂಟರಂತೆ ಒಂದೇ ಸಮ ನೂರು ಫೋಟೊವರೆಗೂ ತೆಗೆಯಬಹುದು, ಮುಖ್ಯವಾಗಿ ಕಣ್ಣಿಗೆ ಕಾಣುವುದು ಕನ್ನಡಿಯಲ್ಲಿನ ನೇರ ನೋಟ, ತಡವಾಗಿ ಬರುವ ಟಿವಿ ಚಿತ್ರವಲ್ಲ.

ಸ್ಕೂಲ್ ಡೇ ವಿಷಯದಲ್ಲಿ ಯೋಚನೆಯೇ ಬೇಡ. ರಾತ್ರಿ, ಶಾಮಿಯಾನ, ಕೆಂಪು ನೀಲಿ ಲೈಟು, ಕುಣಿಯುವ ಮಕ್ಕಳು. ಸೂಪರ್‌ಜೂಮ್ ಅಲ್ಲಿ ಕೈ ಎತ್ತಿಬಿಡುತ್ತದೆ. ಡಿಎಸ್‌ಎಲ್‌ಆರ್‌ಗೆ 50 ಮಿ.ಮೀ. ಎಫ್ 1.8 ಅನ್ನುವ, ಬೆಳಕು ಹೆಚ್ಚು ಒಳಬಿಡುವ ಪುಟ್ಟ ಲೆನ್ಸ್ ಹಾಕಿ ಎರಡನೇ ಸಾಲಿನಲ್ಲಿ ಕೂತುಕೊಳ್ಳಿ.

ಹಾಗಂತ ನನ್ನ ಹಾಗೆ 200-500 ತಗೊಳ್ಳಿ ಅಂತ ಹೇಳುತ್ತಿಲ್ಲ. ಆ ಲೆನ್ಸ್ ಒಂದೇ 2.3 ಕೆ.ಜಿ., ಬಾಡಿ ಸೇರಿದರೆ ಮೂರು ಕೆ.ಜಿ. ಗುಬ್ಬಿ ತಾಲ್ಲೂಕಿನ ಸಿದ್ದು ಹಲಸಿನ ಹಣ್ಣೊಂದನ್ನು ಕೊರಳಿಗೆ ನೇತು ಹಾಕಿಕೊಂಡ ಹಾಗೆ. ಬಸ್ಸಿಗೆ ತರುವುದನ್ನು ಎರಡೇ ವಾರಕ್ಕೆ ಬಿಟ್ಟೆ, ಈಗ ಭಾನುವಾರ ಮಾತ್ರ ಬೀರುವಿನಿಂದ ಹೊರಗೆ ಬರುತ್ತದೆ. ಮೊದಲ ಸಲ ಅದನ್ನು ಕಗ್ಗಲಡುವಿಗೆ ಒಯ್ದಾಗ ಊರೊಳಗೆ ಹುಣಸೆಮರದ ಕೆಳಗೆ ಲೆನ್ಸ್ ಎತ್ತಿ ನಿಂತಿದ್ದೆ. ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಎದ್ದೇ ಬಂದರು. "ಏನವ್ವ ಅದು, ತುಪಾಕಿನಾ? ನಮ್ಮೂರ ಹಕ್ಕೀನ ಹೊಡೀಬ್ಯಾಡ ಕಣವ್ವ." ಹಿಂದಿನ ಸ್ಕ್ರೀನಿನಲ್ಲಿ ಫೋಟೊ ತೋರಿಸಿದ ಮೇಲೇ ಅವರಿಗೆ ಸಮಾಧಾನ ಆಗಿದ್ದು. ನೋಡಿ, "ಬರೀ ಮೂತಿ ಬಂದೈತಲ್ಲವ್ವ, ಮರ ಎಲ್ಲಿ, ಮರಿ ಎಲ್ಲಿ?" ಅಂದರು.

ಅಜ್ಜಿ ಹೇಳಿದ್ದು ಸರಿಯಾಗಿತ್ತು. ಅಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ, ಫೆಬ್ರವರಿ ಹೊತ್ತಿಗೆ ಬಂದರೆ ಮಳೆಗಾಲದವರೆಗೂ ಇರುತ್ತವೆ. ಬಿಸಿಲಿನ ಹೊತ್ತಿನಲ್ಲಿ ತಾಯಿ ಹಕ್ಕಿ ಎರಡೂ ರೆಕ್ಕೆ ಬಿಚ್ಚಿ ಮರಿಗಳ ಮೇಲೆ ಛತ್ರಿ ಹಿಡಿದ ಹಾಗೆ ನಿಲ್ಲುತ್ತದೆ. ಆ ದೃಶ್ಯಕ್ಕೆ 500 ಮಿ.ಮೀ. ಬೇಡ, 2000 ಅಂತೂ ಬೇಡವೇ ಬೇಡ. ಹತ್ತಿರದ ಹಕ್ಕಿಯಾದ್ದರಿಂದ ನಡುವಿನ ಗಾಳಿಯೂ ಕಮ್ಮಿ, ಹತ್ತು ಗಂಟೆಗೆ ಹೋದರೂ ಚಿತ್ರ ಚೂಪಾಗಿ ಬರುತ್ತದೆ.

ಹಾಗಾಗಿ ನಿಮಗೆ ನನ್ನ ಸಲಹೆ: ಸೆಕೆಂಡ್ ಹ್ಯಾಂಡ್ ಡಿ7500, ಅದಕ್ಕೆ ನಿಕಾನ್‌ನ 70-300 ಎಎಫ್-ಪಿ ಲೆನ್ಸು (ಹೊಸ ಬಗೆಯ ಫೋಕಸ್ ಮೋಟರಿನದು, ಎಫ್‌ಎಕ್ಸ್ ಮಾದರಿ), ಮಗಳಿಗಾಗಿ ಆ 50. ಆ 70-300 ತೂಗುವುದು 680 ಗ್ರಾಂ, ಬೈಕಿನಲ್ಲಿ ಆರಾಮಾಗಿ ಒಯ್ಯಬಹುದು. ಕೃಷ್ಣಮೃಗ ಇದರಲ್ಲಿ ಚಿಕ್ಕದಾಗಿಯೇ ಬರುತ್ತದೆ. ಬರಲಿ ಬಿಡಿ. ಹಳದಿ ಹುಲ್ಲು, ಹಿಂದೆ ಗುಡ್ಡ, ನಡುವೆ ಕೃಷ್ಣಮೃಗ, ನನ್ನ ಕಣ್ಣಿಗೆ ಅದೇ ಒಳ್ಳೆಯ ಫೋಟೊ. ಬಾಡಿ ಇನ್ನೂ ಅಗ್ಗದಲ್ಲಿ ಸಿಗುತ್ತದೆ ಅಂತ ಡಿ90, ಡಿ7000 ಕಡೆ ಹೋಗಬೇಡಿ, ಎಎಫ್-ಪಿ ಲೆನ್ಸ್ ಅವಕ್ಕೆ ಹೊಂದುವುದಿಲ್ಲ.

"ಡಿಎಸ್‌ಎಲ್‌ಆರ್ ಕಾಲ ಮುಗೀತಲ್ಲ" ಅಂತ ಯಾರಾದರೂ ಹೆದರಿಸಬಹುದು. 2020ರ ಡಿ780, ಡಿ6 ಆದಮೇಲೆ ನಿಕಾನ್ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ, ನಿಜ. ಮದುವೆ ಫೋಟೊದವರು ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗಿ ಹಳೆಯದನ್ನು ಮಾರುತ್ತಿದ್ದಾರೆ, ನಮ್ಮಂಥವರಿಗೆ ಎಟುಕುವ ಬೆಲೆಗೆ ಬಂದಿರುವುದೇ ಅದರಿಂದ. ಮುಂದೆ ನೀವೂ ಮಿರರ್‌ಲೆಸ್‌ಗೆ ಹೋದರೆ ಈ ಲೆನ್ಸುಗಳು, ಹೊಸ ಬಾಡಿಗೆ ಹಳೇ ಲೆನ್ಸ್ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೆ ಕೆಲಸ ಮಾಡುತ್ತವೆ.

ಕೊಳ್ಳುವಾಗ ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಫೋಟೊ ತೆಗೆದಿದೆ ಅಂತ, ಕೇಳಿ. ಡಿ7500ರ ಶಟರನ್ನು ಕಂಪನಿ ಪರೀಕ್ಷೆ ಮಾಡಿರುವುದು ಒಂದೂವರೆ ಲಕ್ಷಕ್ಕೆ, ಮದುವೆಮನೆಯಲ್ಲಿ ದುಡಿದದ್ದಾದರೆ ಅದು ಬೇಗ ತುಂಬುತ್ತದೆ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಒಳಗೆ ಜೇಡರಬಲೆಯಂಥ ಎಳೆ ಕಂಡರೆ ಫಂಗಸ್ಸು, ವಾಪಸ್ ಕೊಟ್ಟುಬಿಡಿ. ನಾನು ಮೊದಲು ಕೊಂಡ 200-500ರಲ್ಲಿ ಅದಿತ್ತು, ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ. ಸೂಪರ್‌ಜೂಮ್‌ಗೂ ಧೂಳಿನ ಕಾಟ ತಪ್ಪಿದ್ದಲ್ಲ. ಕೊಳವೆ ಒಳಗೂ ಹೊರಗೂ ಓಡಾಡಿ ಧೂಳು ಎಳೆದುಕೊಳ್ಳುತ್ತದೆ, ಲೆನ್ಸ್ ಬಿಚ್ಚಿ ಒರೆಸುವ ಹಾಗಿಲ್ಲ. ರಾಗಿ ಕಣದ ಹತ್ತಿರ ಒಂದು ದಿನ ತೆಗೆದದ್ದಕ್ಕೆ ನನ್ನ ಪಿ900 ಒಳಗೆ ಸೇರಿದ ಎರಡು ಚುಕ್ಕೆ ಇವತ್ತಿಗೂ ಆಕಾಶದ ಫೋಟೊಗಳಲ್ಲಿ ಬರುತ್ತವೆ.

ಇನ್ನು ಮೈದನಹಳ್ಳಿಗೆ ನೀವು ಹತ್ತು ಗಂಟೆಗೆ ಹೋಗಬೇಡಿ, ಸಂಜೆ ನಾಲ್ಕೂವರೆಗೆ ಹೋಗಿ. ಆ ಹೊತ್ತಿಗೆ ಸಂಜೆ ಹಾಲಿನ ಕೆಲಸ ಇರುತ್ತೆ ಅಂತ ಗೊತ್ತು. ವಾರಕ್ಕೊಂದು ಸಂಜೆ ಹಸು ಕರೆದು ಡೇರಿಗೆ ಹಾಕಿಬರಲು ನಿಮ್ಮ ಭಾವಮೈದನಿಗೇ ಹೇಳಿ. ಡಿಎಸ್‌ಎಲ್‌ಆರ್ ತಗೊಳ್ಳಿ ಅಂದವನು ಅವನೇ ತಾನೇ.